ತಿದ್ದದೆ ಮುಂದೆ ಹೋದವನು

ಋಷಿಕೇಶ ಅವತ್ತೂ ಮುಕ್ತಾಳ ಮುಂದೆ ಒಂದು ಗಳಿಗೆ ನಿಂತ. ಅವಳು ಹಿಂದಕ್ಕೆ ಎತ್ತಿ ಹಿಡಿದಿದ್ದ ಕಾಲನ್ನು ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ, ಮುಚ್ಚಿಕೊಂಡ, ಪಕ್ಕದ ಹುಡುಗಿಯ ಹತ್ತಿರ ಹೋದ.

ಆ ಹುಡುಗಿಗೆ ಮಾತ್ರ ಬೈಗುಳವೋ ಬೈಗುಳ. ಮೊಣಕಾಲು ಯಾವ ದಿಕ್ಕು ನೋಡ್ತಿದೆ, ಭುಜಕ್ಕೆ ಕಿವಿ ಮುಟ್ಟುವ ಆಸೆ ಯಾಕೆ, ಬೆರಳುಗಳು ನಿದ್ದೆ ಹೋಗಿವೆಯೇ. ಅವಳ ಆಚೆಯವನ ಸೊಂಟವನ್ನು ಕೈಯಿಂದಲೇ ಹಿಡಿದು ತಿರುಗಿಸಿ ಸರಿಮಾಡಿದ. ಮುಕ್ತಾ ಗೋಡೆಗೆ ಹಾಕಿದ ಅಭ್ಯಾಸದ ಕಂಬಿ ಹಿಡಿದುಕೊಂಡು ಕಾಲೆತ್ತಿಯೇ ನಿಂತಿದ್ದಳು. ಕನ್ನಡಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಅಳು ಬಂತು, ನುಂಗಿಕೊಂಡಳು.

ಬೈಯಲಿಲ್ಲವೆಂದು ಅಳುವ ಹೆಣ್ಣು ಎಲ್ಲಾದರೂ ಇದ್ದಾಳೆಯೇ ಎಂದು ನೀವು ಕೇಳಬಹುದು. ಬ್ಯಾಲೆಯವರ ಲೋಕದಲ್ಲಿ ಇದ್ದಾಳೆ. ಅಲ್ಲಿ ಗುರು ನಿಮ್ಮನ್ನು ತಿದ್ದುತ್ತಿದ್ದಾನೆ ಎಂದರೆ ನಿಮ್ಮ ಮೇಲೆ ಅವನಿಗೆ ಇನ್ನೂ ಆಸೆಯಿದೆ ಎಂದರ್ಥ. ಯಾರನ್ನು ನೋಡಿಯೂ ಸುಮ್ಮನೆ ಮುಂದೆ ಹೋಗುತ್ತಾನೋ ಅವರ ಕಥೆ ಮುಗಿದಂತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಕಂಬಿ ಹಿಡಿದ ಮೊದಲ ವರ್ಷವೇ ಚಿಕ್ಕ ಮಕ್ಕಳಿಗೂ ತಿಳಿದುಬಿಡುತ್ತದೆ. ಹೇಳಿ ಫಲವಿಲ್ಲ ಅನಿಸಿದವರ ಮುಂದೆ ಮುಕ್ತಾ ಕೂಡ, ಟೀಚರ್ ಆಗಿ, ಎಷ್ಟೋ ಸಲ ಹೀಗೆಯೇ ನಡೆದುಹೋಗಿದ್ದಳು. ಈಗ ಅವಳದೇ ಶಾಲೆಯಲ್ಲಿ, ಅವಳೇ ಹಾಕಿಸಿದ ಕನ್ನಡಿಯ ಮುಂದೆ, ಋಷಿಕೇಶ ಅವಳನ್ನು ದಾಟಿ ಹೋಗುತ್ತಿದ್ದ. ಒಂದು ದಿನವಲ್ಲ, ತಾಲೀಮು ಶುರುವಾದಾಗಿನಿಂದ ಹೀಗೇ.

ಇವರಿಬ್ಬರೂ ಜರ್ಮನಿಯ ಒಂದು ಸಣ್ಣ ಊರಿನ ಬ್ಯಾಲೆ ಕಂಪನಿಯಲ್ಲಿ ವರ್ಷಗಟ್ಟಲೆ ಜೋಡಿಯಾಗಿ ಕುಣಿದವರು. ಮುಕ್ತಾ ಪುಣೆಯ ಖಡಕಿಯ ಡಿಫೆನ್ಸ್ ಕ್ವಾರ್ಟರ್ಸಿನಲ್ಲಿ ಬೆಳೆದ ಧಾರವಾಡದವರ ಮಗಳು. ಅವನು ಮಲ್ಲೇಶ್ವರದ ಹುಡುಗ. ಆ ಇಡೀ ಥಿಯೇಟರಿನಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ರಂಗದ ಮೇಲೆ ರಾಜಕುಮಾರನಾಗಿ ಅವಳನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದಾಗ, ತುಟಿ ಅಲ್ಲಾಡಿಸದೆ, ಹೊಟ್ಟೆ ಹಸೀತಿದೆ ಕಣೇ, ಬೇಗ ಮುಗಿಸು ಎನ್ನುತ್ತಿದ್ದ. ಅವಳು ನಗು ತಡೆಯಲಾರದೆ ಮುಖ ತಿರುಗಿಸಿದರೆ ಎದುರಿಗಿದ್ದ ಜನ ರಾಜಕುಮಾರಿ ನಾಚಿದಳು ಎಂದುಕೊಳ್ಳುತ್ತಿದ್ದರು.

ಜಗಳವೂ ಅಷ್ಟೇ ಇತ್ತು. ಅವಳ ಕಿರುಬೆರಳೊಂದು ಸ್ವಲ್ಪ ಮೇಲೆದ್ದಿದ್ದಕ್ಕೆ ಅವನು ಬೇಕರಿಯವರೆಗೂ ವಾದ ಮಾಡುತ್ತ ಬಂದಿದ್ದುಂಟು. ಮರುದಿನ ತರಗತಿಯಲ್ಲಿ ಅವಳು ಬೇಕೆಂದೇ ಆ ಬೆರಳನ್ನು ಮೇಲೆತ್ತುವಳು. ಕನ್ನಡಿಯಲ್ಲಿ ಅವನ ಎಡ ಹುಬ್ಬು ಏರುವುದು. ಅವಳು ಇನ್ನೂ ಮೇಲೆತ್ತುವಳು. ಅವನು ಸೋತು ಕಣ್ಣು ಕೆಳಗಿಳಿಸಿ ನಗುವನು. ಆ ನಗು ಕಂಡ ದಿನ ಅವಳಿಗೆ ಊಟ ರುಚಿಸುತ್ತಿತ್ತು, ಕಾಣದ ದಿನ ಇಲ್ಲ. ಇಷ್ಟಾದರೂ ಇಬ್ಬರಲ್ಲಿ ಒಬ್ಬರೂ ಹೇಳಬೇಕಾದ ಮಾತು ಹೇಳಲಿಲ್ಲ. ಇಂಥ ದಡ್ಡರು ಎಲ್ಲ ಊರಲ್ಲೂ ಇರುತ್ತಾರೆ.

ಕಂಪನಿ ಅವಳ ಕರಾರು ಮುಂದುವರಿಸಲಿಲ್ಲ. ಅವಳು ಪುಣೆಗೆ ಬಂದು, ಖಡಕಿ ಬಜಾರಿನ ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲಿನಲ್ಲಿ ಶಾಲೆ ತೆರೆದಳು. ಅವನು ಅಲ್ಲೇ ಉಳಿದು ನೃತ್ಯ ಸಂಯೋಜಿಸಲು ಕಲಿತ, ಹೆಸರು ಮಾಡಿದ. ಹೋದ ವರ್ಷ ಒಂದು ಟ್ರಸ್ಟು ಅವನನ್ನು ಡೈರೆಕ್ಟರ್ ಮಾಡಿ ಹೊಸ ಕಂಪನಿ ಕಟ್ಟಲು ಕರೆದಾಗ, ಮುಂಬೈ ಬೇಡ, ಪುಣೆಯಲ್ಲೇ ಮಾಡ್ತೀನಿ ಎಂದನಂತೆ. ಯಾಕೆ ಎಂದು ಮುಕ್ತಾ ಕೇಳಿದಳು. ಬಾಡಿಗೆ ಕಮ್ಮಿ ಎಂದ. ಅವಳು ಅದನ್ನು ನಂಬಿದಳು, ಆಮೇಲೆ ಒಂದು ವಾರ ಮುಖ ಊದಿಸಿಕೊಂಡು ತಿರುಗಿದಳು.

ತಾಲೀಮಿಗೆ ಅವನು ಅವಳ ಶಾಲೆಯ ಹಾಲನ್ನೇ ಹಿಡಿದ, ಕಂಪನಿಯ ಮೊದಲ ಪ್ರಯೋಗಕ್ಕೆ ಮುಖ್ಯ ಪಾತ್ರವನ್ನು ಅವಳಿಗೇ ಕೊಟ್ಟ. ಬ್ಯಾಲೆಯಲ್ಲಿ ಅವಳ ವಯಸ್ಸು ಅಜ್ಜಿಯ ವಯಸ್ಸು. ಆದರೂ ಕೊಟ್ಟ. ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದಿದ್ದಳು. ಆಮೇಲೆ ಶುರುವಾಯಿತು ನೋಡಿ, ಈ ಮೌನ.

ಮನೆಯಲ್ಲಿ ತಾಯಿ ಶಾಮಲಾ ಮಗಳ ತಟ್ಟೆಯಲ್ಲಿ ರೊಟ್ಟಿ ಆರುತ್ತಿರುವುದನ್ನು ನೋಡಿ ಕಾರಣ ಕೇಳಿದರು. ಮುಕ್ತಾ ಹೇಳಿದಳು. ಶಾಮಲಾಬಾಯಿಗೆ ತಲೆಬುಡ ತಿಳಿಯಲಿಲ್ಲ.

“ಬೈಯಂಗಿಲ್ಲಂದ್ರ ಛಲೋನ ಆತಲ್ಲ. ಅದಕ್ಕ ಯಾರರ ಅಳ್ತಾರೇನ?”

“ನಿನಗ ತಿಳಿಯಂಗಿಲ್ಲವ್ವಾ. ಅಂವನ ಪಾಲಿಗೆ ನನ್ನ ಕಥಿ ಮುಗೀತು.”

ಶಾಮಲಾಬಾಯಿ ಇನ್ನೊಂದು ಚಮಚ ತುಪ್ಪ ಹಾಕಿದರು. ಅವರಿಗೆ ಗೊತ್ತಿದ್ದ ಔಷಧ ಅದೊಂದೇ. ಮಗಳು ಊಟ ಬಿಟ್ಟು ಎದ್ದಾಗ ಟೇಬಲ್ಲಿಗೆ ಕೈಯೂರಿ, ಬಲಗಡೆಯ ಸೊಂಟವನ್ನು ಮೆಲ್ಲಗೆ ನೇರಮಾಡಿಕೊಂಡದ್ದನ್ನೂ ಅವರು ನೋಡಿದರು. ಆ ನೋವಿನ ಮಾತೆತ್ತಿದರೆ ಮಗಳು ಸಿಡುಕುತ್ತಾಳೆ ಎಂದು ಸುಮ್ಮನಾದರು.

ಮರುದಿನದಿಂದ ಮುಕ್ತಾ ಒಂದು ಕೆಲಸ ಮಾಡತೊಡಗಿದಳು. ಅವನಾಗಿ ಪಾತ್ರ ಕಿತ್ತುಕೊಳ್ಳುವ ಮೊದಲು ತಾನೇ ಬಿಟ್ಟುಕೊಡುವುದೆಂದು ನಿರ್ಧರಿಸಿ, ತನ್ನ ಶಿಷ್ಯೆ ಪೂರ್ವಾಳಿಗೆ ಅದನ್ನು ಕಲಿಸತೊಡಗಿದಳು. ಪೂರ್ವಾ ಔಂಧಿನ ಹುಡುಗಿ. ಏಳು ವರ್ಷದವಳಿದ್ದಾಗ ಅಮ್ಮನ ಸೆರಗು ಹಿಡಿದು ಇದೇ ಹಾಲಿಗೆ ಬಂದವಳು, ಈಗ ಕಂಪನಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರುತ್ತಾಳೆ. ಮೊದಲ ದಿನ ಅವಳು ಹೆದರಿ, ತಾಈ, ಮಲಾ ನಾಹೀ ಜಮಣಾರ, ನನ್ನಿಂದ ಆಗುವುದಿಲ್ಲ ಎಂದಳು. ಆಗುತ್ತದೆ ಎಂದು ಮುಕ್ತಾ ಮರಾಠಿಯಲ್ಲೇ ಗದರಿದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ತಿರುವಿನಲ್ಲಿ ಜೊತೆಗಾರನ ಕೈಗೆ ಕಾಯಬಾರದು, ಎಲ್ಲವನ್ನೂ ಹೇಳಿಕೊಟ್ಟಳು. ಹೇಳಿಕೊಡುತ್ತ ಹೋದಂತೆ ತನ್ನದೊಂದೊಂದೇ ಒಡವೆ ಬಿಚ್ಚಿಕೊಟ್ಟಂತಾಗುತ್ತಿತ್ತು. ಪೂರ್ವಾ ಕಲಿತಳು, ಅದೂ ಬೇಗನೆ. ಅದಕ್ಕೆ ಸಂತೋಷಪಡಬೇಕೋ ಬೇಡವೋ ಮುಕ್ತಾಳಿಗೆ ತಿಳಿಯಲಿಲ್ಲ.

ಶನಿವಾರದ ತಾಲೀಮಿನಲ್ಲಿ ಎಲ್ಲರೂ ಸೇರಿದ್ದಾಗ ಮುಕ್ತಾ ತನ್ನ ಜಾಗದಿಂದ ಆಚೆ ಬಂದು, ಈ ಪಾತ್ರ ಪೂರ್ವಾ ಮಾಡಲಿ ಎಂದಳು. ತುಂಬ ಸಹಜವಾಗಿ, ಚಹಾ ಬೇಡ ಎಂದಂತೆ ಹೇಳಿದಳು. ಅವನು ಬೇಡವೆನ್ನುತ್ತಾನೆ, ಕೋಪ ಮಾಡುತ್ತಾನೆ, ಬೇಕರಿಯ ದಿನಗಳ ಹಾಗೆ ಜಗಳಕ್ಕೆ ಬರುತ್ತಾನೆ ಎಂದು ಅವಳ ಹುಚ್ಚು ಮನಸ್ಸು ಕಾದಿತ್ತು.

ಋಷಿಕೇಶ ನೆಲ ನೋಡುತ್ತ “ಸರಿ” ಎಂದ. ಪೂರ್ವಾಳನ್ನು ಕರೆದ.

ಆಮೇಲಿನ ಒಂದು ಗಂಟೆ ಮುಕ್ತಾ ಗೋಡೆಗೊರಗಿ ಕುಳಿತು ನೋಡಿದಳು. ಅವನು ಆ ಹುಡುಗಿಯನ್ನು ಹಿಂಡಿ ಹಿಪ್ಪೆ ಮಾಡಿದ. ಕಾಲು ಇನ್ನೂ ಮೇಲೆ, ಇನ್ನೂ. ಕತ್ತು ಹಾಗಲ್ಲ. ಮತ್ತೆ ಮೊದಲಿನಿಂದ. ಕೊನೆಗೆ ಪೂರ್ವಾ ಅತ್ತೇಬಿಟ್ಟಳು. ಉಳಿದವರೆಲ್ಲ ಅವಳನ್ನು ಅಯ್ಯೋ ಪಾಪ ಎಂದು ನೋಡುತ್ತಿದ್ದರೆ, ಮುಕ್ತಾಳಿಗೆ ಆ ಹುಡುಗಿಯ ಕಣ್ಣೀರಿನ ಮೇಲೆ ಹೊಟ್ಟೆಕಿಚ್ಚಾಯಿತು. ತನ್ನ ಮಗುವಿನಂಥವಳ ಮೇಲೆ ಹೊಟ್ಟೆಕಿಚ್ಚು. ಇಷ್ಟು ಕೆಳಗಿಳಿದೆನಲ್ಲ ಎಂದು ನಾಚಿಕೆಯೂ ಆಯಿತು. ಆದರೆ ನಾಚಿಕೊಂಡರೆ ಹೋಗುವ ಕಿಚ್ಚಲ್ಲ ಅದು.

ಎಲ್ಲರೂ ಹೋದರು. ಮಧ್ಯಾಹ್ನದ ಬಿಸಿಲು ಹಾಲಿನ ತುಂಬ ಬಿದ್ದಿತ್ತು, ಕೆಳಗೆ ಯಾರೋ ತಗಡು ಕತ್ತರಿಸುತ್ತಿದ್ದ ಸದ್ದು. ಋಷಿಕೇಶ ಹೊರಗಿನ ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ದಿನವೂ ಅಲ್ಲೇ ನಿಂತಿರುತ್ತಿದ್ದ. ಮುಕ್ತಾ ಬ್ಯಾಗು ಹೆಗಲಿಗೇರಿಸಿ, ಎರಡೂ ಕೈಯಲ್ಲಿ ಸರಳು ಹಿಡಿದು, ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ನಡುವೆ ಬಲಗಾಲು ಕೈಕೊಟ್ಟಿತು. ಬೀಳಲಿಲ್ಲ. ಸರಳಿಗೆ ಜೋತುಬಿದ್ದು ಅಲ್ಲೇ ಕುಳಿತಳು.

ಅವನು ಆಗಲೇ ಮೇಲೆ ಓಡಿ ಬಂದಿದ್ದ. ಫೋನು ಮೆಟ್ಟಿಲ ಮೇಲೆ ಬಿದ್ದಿತ್ತು. ಅದರಲ್ಲಿ ಯಾವ ಕರೆಯೂ ಇರಲಿಲ್ಲ.

“ಯಾರ ಜೊತಿ ಮಾತಾಡ್ಲಿಕತ್ತಿದ್ದಿ?” ಎಂದಳು ಮುಕ್ತಾ.

ಅವನು ಎರಡು ಮೆಟ್ಟಿಲು ಕೆಳಗೆ ಕುಳಿತ. ಕದ್ದು ಸಿಕ್ಕಿಬಿದ್ದವನ ಮುಖ ಮಾಡಿಕೊಂಡಿದ್ದ. ಅವಳಿಗೆ ನಿಧಾನವಾಗಿ ಅರ್ಥವಾಯಿತು. ದಿನವೂ ಅವನು ಅಲ್ಲಿ ನಿಂತಿರುತ್ತಿದ್ದುದು ಯಾರೊಂದಿಗೂ ಮಾತಾಡಲಿಕ್ಕಲ್ಲ, ಅವಳು ಜೋಪಾನವಾಗಿ ಕೆಳಗಿಳಿಯುವವರೆಗೆ ಕಾಯಲಿಕ್ಕೆ.

“ನನ್ನ ಸೊಂಟದ ನೋವು ನಿನಗ ಗೊತ್ತಿತ್ತು,” ಎಂದಳು.

“ಮೊದಲನೇ ದಿನಾನೇ ಗೊತ್ತಾಯ್ತು.”

“ಮತ್ತ ಒಂದು ಮಾತು ಯಾಕ ಆಡಲಿಲ್ಲ? ಎಲ್ಲಾರನ್ನೂ ತಿದ್ದತಿ, ನನ್ನ ಮುಂದ ಸುಮ್ಮನ ಹೋಗ್ತಿ. ನಾ ಏನ್ ತಿಳ್ಕೊಬೇಕು?”

ಅವನು ಎರಡೂ ಅಂಗೈಗಳನ್ನು ಮಂಡಿಗೆ ಒತ್ತಿಕೊಂಡ. ಯಾರ ಮೈ ಎಲ್ಲಿ ಎಷ್ಟು ಬಾಗಬೇಕೆಂದು ಗಂಟೆಗಟ್ಟಲೆ ಹೇಳಬಲ್ಲವನಿಗೆ ತನ್ನದೊಂದು ಮಾತು ಹೊರಗೆ ತರುವುದು ಕಷ್ಟವಾಗಿತ್ತು.

“ನಾನು ಹೇಳಿದ್ರೆ ನೀನು ಮಾಡ್ತೀಯ, ಮುಕ್ತಾ. ಯಾವತ್ತು ಮಾಡಿಲ್ಲ ಹೇಳು? ಕಾಲು ಇನ್ನೂ ಮೇಲೆ ಅಂದ್ರೆ, ಆ ಹಿಪ್ ಮುರಿದರೂ ಎತ್ತುತ್ತೀಯ. ಬಾಯಿ ತೆಗೆದರೆ ನಿನಗೆ ನೋವಾಗುತ್ತೆ ಅಂತ ಗೊತ್ತಿದ್ದೂ ಹೇಗೆ ತೆಗೀಲಿ?”

“ಹಂಗಿದ್ರ ಪಾತ್ರ ಯಾಕ ಕೊಟ್ಟಿ?”

“ಕೊಡದೆ ಇರೋಕೆ ಆಗ್ಲಿಲ್ಲ. ಆ ಡಾನ್ಸ್ ಕಟ್ಟಿದ್ದೇ ನಿನಗೋಸ್ಕರ. ಪುಣೆಗೆ ಬಂದಿದ್ದೂ ನಿನಗೋಸ್ಕರ. ಬಾಡಿಗೆ ಅಂತೆ, ಬಾಡಿಗೆ.” ಅವನು ನಗಲು ನೋಡಿದ, ಆಗಲಿಲ್ಲ. “ಕೊಟ್ಟರೆ ನಿನ್ನ ಕಾಲು ಹೋಗುತ್ತೆ, ಕೊಡದಿದ್ದರೆ ನೀನೇ ಹೋಗ್ತೀಯ. ನಾನು ಏನು ಮಾಡಲಿ? ಏನೂ ತೋಚಲಿಲ್ಲ. ಸುಮ್ಮನೆ ಇದ್ದೆ.”

ಇಷ್ಟು ವರ್ಷ ಅವಳು ಕೇಳಬೇಕೆಂದುಕೊಂಡಿದ್ದ ಮಾತು ಇದೇ. ಬಂದದ್ದು ಮಾತ್ರ ಎಂಥ ಹೊತ್ತಿನಲ್ಲಿ, ಎಂಥ ಮಾತಿನ ಜೊತೆಗೆ! ಖುಷಿಪಡಲೂ ಆಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ಡಾಕ್ಟರು ಹೇಳಿದ್ದನ್ನು ಅವಳು ಇನ್ನೂ ಅಮ್ಮನಿಗೂ ಹೇಳಿರಲಿಲ್ಲ. ಈಗ ಅವನಿಗೆ ಹೇಳಿದಳು. ಸವೆದ ಕೀಲು ಮತ್ತೆ ಕೂಡುವುದಿಲ್ಲ, ಇನ್ನೊಂದು ಪ್ರಯೋಗ ಮಾಡಿದರೆ ನಡೆಯುವುದೂ ಕಷ್ಟ. ಪೂರ್ವಾಳಿಗೆ ಬಿಟ್ಟುಕೊಟ್ಟದ್ದು ರೋಷಕ್ಕೆ ಎಂದು ತಾನು ನಂಬಿಕೊಂಡಿದ್ದರೂ ನಿಜವಾದ ಕಾರಣ ಈ ಕಾಲೇ, ಆದರೂ ಇವತ್ತು ರಾತ್ರಿಯೇ ಮತ್ತೆ ಕಿತ್ತುಕೊಳ್ಳಬೇಕು ಅನಿಸೀತು ಎಂದಳು. ನಾಳೆಯೇ ವಾಪಸು ಕೇಳಿಬಿಟ್ಟೇನು, ನನ್ನ ಮೇಲೆ ನನಗೇ ಭರವಸೆಯಿಲ್ಲ ಎಂದಳು.

ಆಮೇಲೆ ಅವನ ತೋಳು ಹಿಡಿದು ಅಲುಗಾಡಿಸಿದಳು.

“ನೀನ ಹೇಳು. ನಿಲ್ಲಸು ಅಂತ ನೀನ ಹೇಳು, ಋಷಿ. ನನ್ನ ಕೈಲೆ ಆಗವಲ್ದು. ನೀ ಹೇಳಿದ್ದನ್ನ ನಾ ಮಾಡ್ತೀನಿ ಅಂತ ನೀನ ಅಂದೆಲ್ಲ, ಹೇಳು.”

ಅವನು ತಲೆಯಲ್ಲಾಡಿಸಿದ. ಅದೊಂದು ಬೇಡ, ಬೇರೆ ಏನು ಬೇಕಾದರೂ ಕೇಳು ಎಂದ. ಅವಳು ಬಿಡಲಿಲ್ಲ. ಕೆಳಗೆ ತಗಡಿನ ಸದ್ದು ನಿಂತಿತು. ಅಂಗಡಿಯವನು ಷಟರ್ ಅರ್ಧಕ್ಕೆಳೆದು ಊಟಕ್ಕೆ ಹೋದ. ಋಷಿಕೇಶ ಅವಳ ಬಲಗಾಲಿನ ಕಡೆ ನೋಡುತ್ತ ಕುಳಿತಿದ್ದ. ಜಗತ್ತಿನಲ್ಲಿ ಅವನು ಎಲ್ಲಕ್ಕಿಂತ ಚೆಂದವೆಂದುಕೊಂಡಿದ್ದ ಕಾಲು ಅದು. ಅವನ ಕಣ್ಣು ತುಂಬಿತು.

“ಸಾಕು, ಮುಕ್ತಾ,” ಎಂದ. “ನಿಲ್ಲಿಸು.”

ಅವಳು ಹೂಂ ಎಂದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ದಿನ ನುಂಗಿಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನೀರು ಬೇಕೇ ಎಂದ. ಬಿಸಿಲಿದೆ, ಒಳಗೆ ಹೋಗೋಣವೇ ಎಂದ. ಕೊನೆಗೆ ಸುಮ್ಮನೆ ಪಕ್ಕಕ್ಕೆ ಬಂದು ಕುಳಿತ. ಅಗಲ ಸಾಲದ ಮೆಟ್ಟಿಲು, ಇಬ್ಬರಿಗೂ ಇಕ್ಕಟ್ಟಾಯಿತು.

ಅಳು ನಿಂತಮೇಲೆ ಅವಳು ಓಢಣಿಯಿಂದ ಮೂಗು ಒರೆಸಿಕೊಂಡು ಕೇಳಿದಳು. “ಹಂಗಾರ ನಾಳಿಂದ ನಾ ನಿನಗ ಏನು? ಟೀಚರ್ ಏನು? ಪೂರ್ವಾಗ ಹೇಳಿಕೊಡಾಕಿ ಅಷ್ಟ ಏನು?”

“ಅದೂ ಹೌದು. ಕಂಪನಿ ನನ್ನೊಬ್ಬನ ಕೈಲಿ ನಡೆಯಲ್ಲ.” ಅವನು ಇನ್ನೇನೋ ಹೇಳಲು ಹೋಗಿ ತಡವರಿಸಿದ. ಮತ್ತೆ ಶುರುಮಾಡಿದ. “ನನ್ನ ಜೊತೆ ಇರ್ತೀಯಾ? ಕೆಲಸಕ್ಕಲ್ಲ. ಡಾನ್ಸಿಗಲ್ಲ. ಏನೂ ಮಾಡದೆ, ಸುಮ್ಮನೆ.”

ಮುಕ್ತಾ ಅವನ ಮುಖ ನೋಡಿದಳು. ಆರು ವರ್ಷದ ವಯಸ್ಸಿನಿಂದ ಅವಳು ಒಂದು ದಿನವೂ ಏನೂ ಮಾಡದೆ ಇದ್ದವಳಲ್ಲ. ಹೆದರಿಕೆಯಾಯಿತು. ರಂಗದ ಮೇಲೆ ಯಾವತ್ತೂ ಆಗದಂಥ ಹೆದರಿಕೆ.

“ಸುಮ್ಮನ ಇರೋದು ನನಗ ಬರಂಗಿಲ್ಲ,” ಎಂದಳು. “ಭಾಳ ತಪ್ಪ ಮಾಡ್ತೀನಿ.”

“ಮಾಡು. ನನಗೂ ಬರಲ್ಲ,” ಎಂದ ಋಷಿಕೇಶ. ಎದ್ದು ನಿಂತು, ಅವಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡ. ಅವಳು ಅವನ ಭುಜಕ್ಕೆ ತನ್ನ ಭಾರವನ್ನೆಲ್ಲ ಬಿಟ್ಟು ಒಂದು ಮೆಟ್ಟಿಲು ಇಳಿದಳು, ನಿಂತಳು, ಇನ್ನೊಂದು ಇಳಿದಳು. ಅವನು ಅವಸರ ಮಾಡಲಿಲ್ಲ.