ಕರಿಮುಗಿಲಿಗೂ ಬೆಂಕಿಕಡ್ಡಿಗೂ ರೇಸ್

“ಮೂಸಿ ನೋಡು,” ಎಂದು ಅಜ್ಜ ಹಳೆಯ ಕಂಬಳಿಯನ್ನು ಚೂಟಿಯ ಮೂಗಿಗೇ ಹಿಡಿದರು. “ಒಣಹುಲ್ಲು, ಬೆವರು, ಕಾಲಿಗೆ ತಿಕ್ಕೋ ಎಣ್ಣೆ. ನಾನು ನಿನ್ನಷ್ಟಿದ್ದಾಗ ಲಾಯದ ಬಾಗಿಲು ತೆಗೆದ್ರೆ ಇದೇ ವಾಸನೆ. ಈಗ ಹೋದ್ರೆ ಬರೀ ಶಾಂಪೂ.”

ಚೂಟಿ ಮೂಸಿದಳು. ಸೀನು ಬಂತು.

“ಕರಿಮುಗಿಲಿನ ಕಂಬಳಿ ಅದು. ಸೀನಬಾರದು,” ಎಂದು ಅಜ್ಜ ಅದನ್ನು ಮಡಿಸಿ ಟ್ರಂಕಿಗೆ ಹಾಕಿದರು.

ಟ್ರಂಕು ಮಂಚದ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಭಾನುವಾರ ಅಜ್ಜ ಬೇರೆ ಊರಿನಲ್ಲಿದ್ದ ಚೂಟಿಯ ಅತ್ತೆಯ ಮನೆಗೆ ಹೊರಡುವವರಿದ್ದರು. ನಾಲ್ಕು ದಿನ ಇದ್ದು ಬರುವುದಕ್ಕಲ್ಲ, ಇನ್ನು ಅಲ್ಲೇ ಇದ್ದುಬಿಡುವುದಕ್ಕೆ. ಅದಕ್ಕೆ ಕಾರಣ ಎರಡು ಕುದುರೆಗಳು.

ಅಜ್ಜ ಲಾಯದಲ್ಲಿ ರೇಸ್ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರು. ಅವರ ಕಾಲದ ಚಾಂಪಿಯನ್ ಕರಿಮುಗಿಲು. ಅದು ಸತ್ತು ಎಷ್ಟೋ ವರ್ಷವಾಗಿತ್ತು. ಈಗ ಅದೇ ಲಾಯದಲ್ಲಿ ಅದೇ ಕೆಲಸ ಅಪ್ಪನದು. ಅಪ್ಪ ಸಾಕಿದ ಬೆಂಕಿಕಡ್ಡಿ ಈ ವರ್ಷದ ಚಾಂಪಿಯನ್. ಹೋದ ವಾರ ಊಟಕ್ಕೆ ಕೂತಾಗ ಅಜ್ಜ, “ಕರಿಮುಗಿಲು ಇದ್ದಿದ್ರೆ ನಿನ್ನ ಬೆಂಕಿಕಡ್ಡಿ ಅದರ ಬಾಲ ನೋಡ್ಕೊಂಡೇ ಓಡ್ಬೇಕಿತ್ತು,” ಅಂದರು.

“ಆಗ ಅದರ ಜೊತೆ ಓಡ್ತಿದ್ದಿದ್ದು ಕತ್ತೆಗಳು. ಅದಕ್ಕೇ ಗೆಲ್ತಿತ್ತು,” ಅಂದರು ಅಪ್ಪ.

ಅಜ್ಜ ತಟ್ಟೆ ಬಿಟ್ಟು ಎದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಡಲೇಬೇಕಾದ ಮಾತೆಲ್ಲ ಚೂಟಿಯ ಮೂಲಕ.

“ಸೋಪು ಮುಗಿದಿದೆ ಅಂತ ನಿಮ್ಮಪ್ಪಂಗೆ ಹೇಳು.”

“ಕಿಟಕಿ ಹತ್ರ ಹೊಸದಿದೆ ಅಂತ ನಿಮ್ಮಜ್ಜಂಗೆ ಹೇಳು.”

ಹೀಗೆನ್ನುವಾಗ ಇಬ್ಬರೂ ಒಂದೇ ನಲ್ಲಿಯ ಮುಂದೆ ನಿಂತಿರುತ್ತಿದ್ದರು.

“ಯಾವ ಕುದುರೆ ಜೋರು ಅಂತ ಗೊತ್ತಾಗ್ಬಿಟ್ರೆ ಜಗಳ ಮುಗಿಯತ್ತೆ, ಅಜ್ಜ ಹೋಗಲ್ಲ,” ಎಂದು ಚೂಟಿ ಪಕ್ಕದ ಮನೆಯ ಬುಗುರಿಗೆ ಹೇಳಿದಳು. ನಿಂತಲ್ಲಿ ನಿಲ್ಲದ ಹುಡುಗನಾದ್ದರಿಂದ ಅವನಿಗೆ ಆ ಹೆಸರು.

“ಸತ್ತಿರೋ ಕುದುರೆ ಹೇಗೆ ಓಡತ್ತೆ? ನಾವೇ ಓಡೋಣ. ನೀನು ಕರಿಮುಗಿಲು, ನಾನು ಬೆಂಕಿಕಡ್ಡಿ,” ಅಂದ ಬುಗುರಿ. “ಆದ್ರೆ ಗೆಲ್ಲೋದು ನಾನೇ, ಈಗ್ಲೇ ಹೇಳಿರ್ತೀನಿ.”

ಶನಿವಾರ ಸಂಜೆ ಮನೆಯ ಹಿಂದಿನ ಓಣಿಯಲ್ಲಿ ರೇಸ್. ಯಾರು ಯಾವ ಕುದುರೆ ಎಂದು ಚೂಟಿ ಅಜ್ಜನಿಗೂ ಅಪ್ಪನಿಗೂ ಮೊದಲೇ ಹೇಳಿದ್ದಳು. ಅಜ್ಜ ಕುರ್ಚಿ ತಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಅಪ್ಪ ಟೀ ಲೋಟ ಹಿಡಿದು ಆಕಾಶ ನೋಡುತ್ತಾ ನಿಂತರು.

“ರೆಡಿ…” ಅಂದಳು ಚೂಟಿ.

“ಒಂದು ನಿಮಿಷ,” ಅಂದರು ಅಜ್ಜ. “ಈಗಿನ ಲಾಳ ಅಲ್ಯೂಮಿನಿಯಂ, ಚಪ್ಪಲಿ ಇದ್ದ ಹಾಗೆ. ನಮ್ಮ ಕಾಲದ್ದು ಕಬ್ಬಿಣ.” ಒಳಗಿನಿಂದ ಅಪ್ಪನ ಭಾರದ ರಬ್ಬರ್ ಗಮ್‌ಬೂಟು ತಂದು ಚೂಟಿಯ ಕಾಲಿಗೆ ಏರಿಸಿದರು.

“ಚೂಟಿ, ನಿಮ್ಮಜ್ಜಂಗೆ ಹೇಳು,” ಅಂದರು ಅಪ್ಪ. “ಗೆಲ್ಲೋ ಕುದುರೆಗೆ ಜಾಸ್ತಿ ತೂಕ ಹೊರಿಸ್ತಾರೆ. ಬೆಂಕಿಕಡ್ಡಿ ಹೊತ್ತಷ್ಟು ಯಾವ ಕುದುರೇನೂ ಹೊತ್ತಿಲ್ಲ.” ಬುಗುರಿಯ ಬೆನ್ನಿಗೆ ಸ್ಕೂಲ್ ಬ್ಯಾಗ್ ಬಂತು. ಅದರೊಳಗೆ ಇಸ್ತ್ರಿಪೆಟ್ಟಿಗೆ ಹೋಯಿತು.

“ಹೊತ್ತಿಲ್ವಂತಾ? ಕರಿಮುಗಿಲಿನ ಮೇಲೆ ಕೂರ್ತಿದ್ದ ಜಾಕಿಯ ಹೊಟ್ಟೆ ನೋಡಿದ್ದಾನಾ ಅಂತ ಕೇಳು.” ಚೂಟಿಯ ಬೆನ್ನಿಗೆ ಆಲೂಗಡ್ಡೆ ಚೀಲ ಬಿತ್ತು.

“ಈಗಿನ ರೇಸಲ್ಲಿ ಕುದುರೆಗಳ ಗುಂಪಲ್ಲಿ ಕೈಕಾಲು ಆಡ್ಸೋಕೂ ಜಾಗ ಇರಲ್ಲ ಅಂತ ಹೇಳು.” ಬುಗುರಿಯ ಎರಡು ಕೈಗೂ ಒಂದೊಂದು ಬಕೆಟ್ ಬಂತು.

“ನಮ್ಮ ಟ್ರ್ಯಾಕ್ ಪೂರ್ತಿ ಕೆಸರು.” ಅಜ್ಜ ಚೂಟಿಯ ಮುಂದೆ ಒಂದು ಕೊಡ ನೀರು ಸುರಿದರು.

“ನಾನು ಕುದುರೇನಾ, ಲಾರೀನಾ?” ಎಂದು ಬುಗುರಿ ಕೇಳಿದ.

ಇನ್ನು ತಡೆದರೆ ಬೀರುವೂ ಬೆನ್ನಿಗೇರುತ್ತದೆ ಎನ್ನಿಸಿ ಚೂಟಿ “ಗೋ” ಅಂದಳು. ಗಮ್‌ಬೂಟುಗಳು ಕೆಸರಿನಲ್ಲೇ ನಿಂತವು. ಚೂಟಿಯೊಬ್ಬಳೇ ಮುಂದೆ ಹೋಗಿ ಬೋರಲು ಬಿದ್ದಳು. ಚೀಲ ಬಿಚ್ಚಿ ಆಲೂಗಡ್ಡೆ ಓಣಿಯ ತುಂಬ ಉರುಳಿತು. ಅದರ ಮೇಲೆ ಕಾಲಿಟ್ಟ ಬುಗುರಿ ಬಕೆಟುಗಳ ಸಮೇತ ಢಣಾರನೆ ಕೂತ.

ಅಜ್ಜನೂ ಅಪ್ಪನೂ ಒಟ್ಟಿಗೇ ಓಡಿ ಬಂದರು. ಅಜ್ಜ ಚೂಟಿಯ ಬಲಗಾಲು ಹಿಡಿದರು, ಅಪ್ಪ ಎಡಗಾಲು. “ಹೋ… ಹೋ… ಏನಿಲ್ಲ ಮರಿ, ಏನಿಲ್ಲ,” ಇಬ್ಬರದೂ ಒಂದೇ ರಾಗ. ಇಬ್ಬರ ಹೆಬ್ಬೆರಳೂ ಮೆತ್ತಗೆ ಒತ್ತುತ್ತಾ ಮಂಡಿಯಿಂದ ಹಿಮ್ಮಡಿಯವರೆಗೆ ಇಳಿಯಿತು. ಆಮೇಲೆ ಇಬ್ಬರೂ ಒಂದೇ ಸಲ ಅವಳ ಪಾದವನ್ನು ಹಿಂದಕ್ಕೆ ಮಡಚಿ, ಅಂಗಾಲನ್ನು ಬೆರಳಿನಿಂದ ಟಕಟಕ ಬಡಿದು ನೋಡಿದರು.

“ನಂಗೆ ಗೊರಸಿಲ್ಲ,” ಎಂದಳು ಚೂಟಿ, ನೆಲಕ್ಕೆ ಮುಖವಿಟ್ಟುಕೊಂಡೇ.

“ನನ್ನ ಕಾಲೂ ಯಾರಾದ್ರೂ ನೋಡಿ,” ಅಂದ ಬುಗುರಿ.

ಅಜ್ಜ ಅಪ್ಪನ ಕೈಯನ್ನೇ ನೋಡುತ್ತಿದ್ದರು. “ಹಾಗೆ ಒತ್ತಬೇಕು ಅಂತ ನಿಂಗೆ ಯಾರು ಹೇಳಿದ್ದು?” ಈ ಸಲ ನೇರವಾಗಿ ಅಪ್ಪನನ್ನೇ ಕೇಳಿದರು.

“ನೀವಲ್ದೆ ಇನ್ಯಾರು ಹೇಳ್ತಾರೆ?” ಅಪ್ಪ ತಲೆ ಎತ್ತಲಿಲ್ಲ. “ಕರಿಮುಗಿಲಿನ ಕಾಲು ಹಿಡಿದೇ ಅಲ್ವಾ ಕಲಿತಿದ್ದು. ಬೇರೆ ಕುದುರೆ ಆಗಿದ್ರೆ ನನ್ನನ್ನ ಗೋಡೆ ಆಚೆಗೆ ಒದೀತಿತ್ತು.”

“ಒದೀತಿರ್ಲಿಲ್ಲ ಕರಿಮುಗಿಲು,” ಅಂದರು ಅಜ್ಜ. ಚೂಟಿಯ ಕಾಲಿನ ಕೆಸರು ಒರೆಸುತ್ತಾ, “ಕತ್ತೆಗಳ ಜೊತೆ ಓಡ್ತು ಅಂದ್ಯಲ್ಲ,” ಅಂದರು.

“ಅನ್ನಬಾರದಿತ್ತು.”

ಅಜ್ಜ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. “ಬೆಂಕಿಕಡ್ಡಿ ಎಡಗಡೆ ಮುಂಗಾಲು ಅಳುಕ್ತಾ ಊರ್ತಾನೆ. ನೋಡಿದ್ಯಾ?”

“ನಿನ್ನೆಯಿಂದ. ನಿಮ್ಮನ್ನ ಕೇಳೋಣ ಅಂದ್ರೆ… ಅಲ್ಲ, ನಿಮಗೆ ಹೇಗೆ ಗೊತ್ತು?”

“ಲಾಯದ ಬೇಲಿ ಸಂದಿಯಿಂದ ನೋಡ್ದೆ. ನಾಳೆ ಬೆಳಿಗ್ಗೆ ಬಂದು ಕೈಯಿಟ್ಟು ನೋಡ್ತೀನಿ.”

“ನಾಳೆ ಅಜ್ಜ ಊರಿಗೆ…” ಎಂದು ಬುಗುರಿ ಬಾಯಿ ತೆರೆದ. ಚೂಟಿ ಕೆಸರುಗೈಯಿಂದಲೇ ಅದನ್ನು ಮುಚ್ಚಿದಳು. ‘ಹಾಗಾದ್ರೆ ಯಾವ ಕುದುರೆ ಗೆದ್ದಿದ್ದು?’ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೂ ನುಂಗಿಕೊಂಡಳು. ಈಗ ಅದು ಯಾರಿಗೂ ಬೇಕಾಗಿರಲಿಲ್ಲ.

ಆಲೂಗಡ್ಡೆ ಆರಿಸಿ ಮುಗಿಯುವಷ್ಟರಲ್ಲಿ ಅಪ್ಪ ರಾತ್ರಿ ಪಾಳಿಗೆ ಲಾಯಕ್ಕೆ ಹೊರಡುವ ಹೊತ್ತಾಯಿತು. ಅಮ್ಮ ತುಂಬಿಟ್ಟ ಊಟದ ಡಬ್ಬಿಯ ಮುಚ್ಚಳ ತೆಗೆದು ಅಜ್ಜ ಇಣುಕಿದರು. ಇನ್ನೊಂದು ಸೌಟು ಅನ್ನ ಹಾಕಿ, ಒತ್ತಿ ಮುಚ್ಚಿದರು.

ಈ ವಾರವೆಲ್ಲ ಮಾಡಿದಂತೆ ಅಪ್ಪನಿಗೆ ಮುಟ್ಟಿಸಲು ಚೂಟಿ ಡಬ್ಬಿಗೆ ಕೈ ಚಾಚಿದಳು. ಅಜ್ಜ ಅವಳನ್ನು ದಾಟಿಕೊಂಡು ಬಾಗಿಲಿಗೆ ಹೋಗಿ, ಸೈಕಲ್ ಹಿಡಿದು ನಿಂತಿದ್ದ ಅಪ್ಪನ ಕೈಗೇ ಅದನ್ನು ಕೊಟ್ಟರು.