ಹುಂಜ ನುಂಗಿದ ಸಾಲು

ಅವರೆಕಾಯಿ ಕಾಲ. ಸಂಜೆ ನಾಲ್ಕರ ಹೊತ್ತು. ಬೇಗೂರು ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಬೀದಿಯಲ್ಲಿ ಪ್ರತಿ ಮನೆಯ ಮುಂದೆಯೂ ಅವರೆ ಸಿಪ್ಪೆಯ ಗುಡ್ಡೆ. ಎಲೆಕ್ಟ್ರಾನಿಕ್ ಸಿಟಿಗೆ ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಕಟ್ಟುತ್ತಿದ್ದ ವರ್ಷ ಅದು. ನಾನು ನನ್ನ ಮೈಕ್ ಸೆಟ್ ಅಂಗಡಿಯಲ್ಲಿ ಒಬ್ಬನೇ ಕೂತು, ಯಾರಿಗೂ ಬೇಡವಾದ ಒಂದು ಹಾಡನ್ನು ನನಗೋಸ್ಕರ ಹಾಕಿಕೊಂಡಿದ್ದೆ.

ಮದುವೆಗೆ, ನಾಮಕರಣಕ್ಕೆ ನಮ್ಮಪ್ಪನ ಕಾಲದಿಂದ ಮೈಕ್ ಸೆಟ್ ಕೊಡುವ ಮನೆ ನಮ್ಮದು. ಆ ಹೊತ್ತಿಗೆ ಜನ ಡಿಜೆ ಕೇಳುತ್ತಿದ್ದರು. ಬಾಡಿಗೆಗೆ ಹೋಗುತ್ತಿದ್ದದ್ದು ದೊಡ್ಡ ದೊಡ್ಡ ಬಾಕ್ಸು, ಸೀಡಿ. ಅಪ್ಪನ ಗ್ರಾಮಫೋನಿನ ಕರಿ ಪ್ಲೇಟುಗಳು ತಗಡಿನ ಪೆಟ್ಟಿಗೆಯಲ್ಲಿ ಮಲಗಿದ್ದವು. ದಿನಾ ನಾಲ್ಕಕ್ಕೆ ಒಂದನ್ನು ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮುಳ್ಳು ಇಡುತ್ತಿದ್ದೆ. ಮೊದಲು ಒಗ್ಗರಣೆ ಸಿಡಿದ ಹಾಗೆ ಚರಚರ ಅನ್ನುತ್ತದಲ್ಲ, ಅದು ಕಿವಿಗೆ ಬಿದ್ದರೆ ಸಾಕು, ನನಗೆ ಅರ್ಧ ಹಾಡು ಬಂದ ಹಾಗೆ.

ಆವತ್ತು ಹಾಕಿದ್ದು ಯಾವುದೋ ಕಾಲದ ಕಂಪನಿ ನಾಟಕದ ಹಾಡು. ನಮ್ಮೂರಿಗೆಲ್ಲ ಬಾಯಿಪಾಠ.

ಕಂಗಳ ದೀಪವ ಹಚ್ಚಿ ನಾ ಕಾದೆ, ಹುಣ್ಣಿಮೆ ಬಂದಿತು ನೀ ಬರಲಿಲ್ಲ;
ಇನ್ನೇಕೆ ತಡವೋ, ತೆರೆದಿದೆ ಬಾಗಿಲು...

"ಏನ್ರೀ ಯಜಮಾನ್ರ, ನಡುವಿನ ಸಾಲು ಎಲ್ಲಿ ಹೋತು?"

ತಲೆ ಎತ್ತಿ ನೋಡಿದೆ. ಬಾಗಿಲಲ್ಲಿ ಒಬ್ಬ ಹೆಂಗಸು. ಸೊಂಟದಲ್ಲಿ ಖಾಲಿ ಕೊಡ, ಮೊಣಕೈತನಕ ಜೋಳದ ಹಿಟ್ಟು. ನಮ್ಮ ಅಂಗಡಿಯ ಹಿಂದೆ ಅಕ್ಕ ಮುನಿಯಕ್ಕನ ಬಾಡಿಗೆ ರೂಮುಗಳಿದ್ದವು. ಫ್ಲೈಓವರ್ ಕೆಲಸಕ್ಕೆ ಗದಗದ ಕಡೆಯಿಂದ ಬಂದ ಗ್ಯಾಂಗೊಂದು ಹಿಂದಿನ ವಾರ ಅಲ್ಲಿ ಇಳಿದಿತ್ತು. ಮೇಸ್ತ್ರಿ ಭರಮಪ್ಪ. ಅವನ ಸೋದರತ್ತೆ ದುರ್ಗವ್ವ ಅಷ್ಟೂ ಜನಕ್ಕೆ ರೊಟ್ಟಿ ಬಡಿಯುತ್ತಾಳೆ ಅಂತ ಅಕ್ಕ ಹೇಳಿದ್ದಳು. ಇವಳೇ ಅವಳು.

"ಯಾವ ಸಾಲು?"

"ನುಂಗಿದ್ರಲ್ಲಾ, ಅದು."

"ನುಂಗಾಕೆ ಇದೇನ್ ಮುದ್ದೆನಾ? ಆಡು ಇರೋದೇ ಇಂಗೆ. ನಲವತ್ತು ವರ್ಷದಿಂದ ಕೇಳ್ತಾ ಇವ್ನಿ."

"ಹಂಗಾರ ನಲವತ್ತ ವರ್ಷ ತಪ್ಪ ಕೇಳೀರಿ."

ಹಾಗೆಂದವಳು ನಗಲಿಲ್ಲ. ಕೊಡವನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಕೊಡದ ಬಾಯಿಯನ್ನೇ ನೋಡುತ್ತಾ ಹಾಡಿದಳು.

ಕರೆದರೆ ಬರುವವ ನೀನೆಂದು ಬಲ್ಲೆ, ಕರೆಯುವ ಧೈರ್ಯವೆ ನನಗಿರಲಿಲ್ಲ...

ದನಿ ಸ್ವಲ್ಪ ಒಡೆದಿತ್ತು. ಸಾಲಿನ ಕೊನೆಗೆ ಒಂದು ಸಲ ರೆಪ್ಪೆ ಎತ್ತಿ ನೋಡಿ, ಮತ್ತೆ ಇಳಿಸಿದಳು. ಆ ರೆಪ್ಪೆಯ ಮೇಲೂ ಒಂದಿಷ್ಟು ಹಿಟ್ಟು.

"ಇದು ಇದ್ರ ಹಾಡಿಗೆ ಜೀವ," ಅಂದು, ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೋದಳು.

ನಾನು ಪ್ಲೇಟನ್ನು ಬೆಳಕಿಗೆ ಹಿಡಿದೆ. ಗೀರು ಅಲ್ಲೇ ಇತ್ತು. ನಾನು ಹುಡುಗನಾಗಿದ್ದಾಗ ಒಂದು ಮದುವೆ ಮನೆಯಲ್ಲಿ ಚಪ್ಪರದ ಮೇಲಿಂದ ಹುಂಜವೊಂದು ತಿರುಗುತ್ತಿದ್ದ ಪ್ಲೇಟಿನ ಮೇಲೇ ಹಾರಿತ್ತು. ಎರಡು ಸುತ್ತು ಸವಾರಿ ಮಾಡಿ ಇಳಿದಿತ್ತು. ಆವತ್ತಿನಿಂದ ಮುಳ್ಳು ಆ ಜಾಗಕ್ಕೆ ಬಂದರೆ ಹಾರುತ್ತಿತ್ತು. ಹಾಡು ಹೊಸದಾಗಿ ಬಂದ ತಿಂಗಳು ಅದು. ಹಾಗಾಗಿ ನಮ್ಮೂರು ಆ ಹಾಡನ್ನು ಕಲಿತದ್ದೇ ಹಾರಿಸಿಕೊಂಡು. ರಾಗಿ ಬೀಸುವವರು, ನಾಟಿ ಮಾಡುವವರು, ಗಂಡು ಮಂಟಪಕ್ಕೆ ಬರುವುದು ತಡವಾದರೆ ಛೇಡಿಸುವವರು, ಎಲ್ಲರೂ ಹುಂಜ ಹಾರಿದ ಜಾಗದಲ್ಲೇ ಹಾರುತ್ತಿದ್ದರು.

ಅಕ್ಕನನ್ನು ಕೇಳಿದೆ. ಅವರೆಕಾಳು ಹಿಸುಕುತ್ತಾ ಹಾಡಿದಳು. ಅವಳೂ ಹಾರಿದಳು.

"ಮಧ್ಯೆ ಒಂದು ಸಾಲು ಐತಂತೆ ಕಣಕ್ಕ."

"ಇದ್ದಿದ್ರೆ ಇಷ್ಟು ವರ್ಷ ನಂಗೆ ಗೊತ್ತಾಗ್ತಿರ್ಲಿಲ್ವಾ? ಯಾರಂದೋರು?"

ಅಕ್ಕ ಕಾಳು ಬಿಟ್ಟು ನನ್ನ ಮುಖ ನೋಡಿದಳು. ನಾನು ಬೇಕೆಂದೇ ಅತ್ತ ತಿರುಗಿ ಕೆಮ್ಮಿದೆ.

ಆಮೇಲೆ ನಾಲ್ಕು ಗಂಟೆಗೆ ಎರಡು ಕಿವಿಗಳು ಹೆಚ್ಚಾದವು.

ಅವಳು ಒಳಗೆ ಬರುತ್ತಿರಲಿಲ್ಲ. ಹೊಸ್ತಿಲ ಆಚೆ ಕಲ್ಲಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಕೆಲವು ದಿನ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ನನ್ನ ಹೆಂಡತಿ ತೀರಿ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಬಿಸಿ ಇರುವಾಗಲೇ ತಿನ್ನಿ ಅಂತ ಯಾರಾದರೂ ಹೇಳುವುದು ನನಗೆ ಮರೆತೇ ಹೋಗಿತ್ತು. ಅವಳದೂ ಹಾಗೇ. ಗಂಡ ಇಲ್ಲ, ಮಗಳನ್ನು ಮದುವೆ ಮಾಡಿ ಕಳಿಸಿದ್ದಳು.

ಅವಳಿಗೆ ನಾಟಕದ ಹುಚ್ಚು. ಹತ್ತಿರದ ಊರಲ್ಲಿ ನಾಟಕವೆಂದರೆ ಬುತ್ತಿ ಕಟ್ಟಿಕೊಂಡು ನಡೆದು ಹೋಗಿ, ಸ್ಟೇಜಿನ ಮುಂದೆ ಚಾಪೆ ಹಾಸಿ ಜಾಗ ಹಿಡಿಯುವವಳು. ನನಗೆ ಪ್ಲೇಟಿನ ಹುಚ್ಚು. ಎರಡು ಹುಚ್ಚಿಗೂ ದಿನಾ ಜಗಳ.

"ಪ್ಲೇಟು ಅಂದ್ರ ಹೆಪ್ಪು ಹಾಕಿದ ಹಾಡ್ರೀ. ಎದುರಿಗೆ ಕುಂತು ಕೇಳಬೇಕು. ಆ ನಾಟಕದಾಗ ನಾಯಕಿ ಪಾರ್ಟಿನಾಕಿ ಈ ಸಾಲು ಹಾಡಿ ಸುಮ್ಮನಾದ್ಲಂದ್ರ ಮಂದಿ ಎಲ್ಲಾ ಒಂದ ಸಲಕ್ಕ ಚೀರತಿತ್ತು, 'ವನ್ಸ್ ಮೋರ್!' ಅಂತ."

"ಅಂಗಂದ್ರೆ?"

"ಇನ್ನೊಮ್ಮೆ ಹಾಡು ಅಂತ. ಅಕಿ ಮತ್ತ ಹಾಡಾಕಿ. ಮತ್ತ ವನ್ಸ್ ಮೋರ್. ಮೊದಲ್ನೇ ಸಲ ನಾಚಿ ಹಾಡಾಕಿ, ಎರಡನೇ ಸಲ ಅತ್ತು ಹಾಡಾಕಿ, ಮೂರನೇ ಸಲ ನಕ್ಕು. ನಿಮ್ಮ ಪ್ಲೇಟು ಹಂಗ ಹಾಡತದೇನು?"

"ನಮ್ ಪ್ಲೇಟು ಯಾವತ್ತೂ ಒಂದೇ ಥರ. ನಿಯತ್ತು."

"ನಿಯತ್ತಿಂದ ತಪ್ಪ ಹಾಡತದ."

ನನಗೂ ರೇಗಿತು. "ನೋಡಮ್ಮ, ಈ ಆಡು ಏಳ್ದೋರು ಯಾವತ್ತೋ ಓಗವ್ರೆ. ಆದ್ರೂ ದಿನಾ ನಾಲ್ಕಕ್ಕೆ ನನ್ ಅಂಗ್ಡಿಗೆ ಬತ್ತಾರೆ. ಯಾವ ನಾಟಕ ಅಂಗೆ ಬತ್ತೈತೆ?"

ಬೆಳ್ಳುಳ್ಳಿ ಬಿಡಿಸುತ್ತಿದ್ದ ಬೆರಳು ನಿಂತಿತು. ಬಗ್ಗಿಸಿದ ತಲೆಯನ್ನು ಎತ್ತದೆ, ಕಣ್ಣನ್ನು ಮಾತ್ರ ಮೇಲೆ ಮಾಡಿ ನೋಡಿದಳು. ತುಟಿಯ ಒಂದು ತುದಿಯಲ್ಲಷ್ಟೇ ನಗು.

"ಸತ್ತೋರ ದನಿ ಭಾಳ ಛಲೋ ಕೇಳತೀರಿ ಯಜಮಾನ್ರ. ಇದ್ದೋರ ದನಿ ಯಾವಾಗ ಕೇಳತೀರಿ?"

ಮಾತಿನ ಮನುಷ್ಯ ನಾನಲ್ಲ. ಊರಿಗೆಲ್ಲ ಮೈಕ್ ಕಟ್ಟಿದವನು ಆ ಮೈಕಿನಲ್ಲಿ ಆಡಿದ ಮಾತು ಜೀವಮಾನದಲ್ಲಿ ಒಂದೇ: ಹಲೋ, ಮೈಕ್ ಟೆಸ್ಟಿಂಗ್.

ಆ ವರ್ಷ ಬೆಂಗಳೂರಿನ ಜನರೆಲ್ಲ ಹೊಸೂರು ರಸ್ತೆಯ ಧೂಳಿನಲ್ಲಿ ನಿಂತು, ಈ ಫ್ಲೈಓವರ್ ಯಾವಾಗ ಮುಗಿಯುತ್ತಪ್ಪಾ ಅಂತ ಶಾಪ ಹಾಕುತ್ತಿದ್ದರು. ಅದು ಮುಗಿಯದೇ ಇರಲಿ ಅಂತ ದೇವರಿಗೆ ಕೈ ಮುಗಿದವನು ನಾನೊಬ್ಬನೇ ಇರಬೇಕು. ಸೇತುವೆ ಮುಗಿದರೆ ಗ್ಯಾಂಗು ಹೋಗುತ್ತದೆ. ಗ್ಯಾಂಗು ಹೋದರೆ ಹೊಸ್ತಿಲಾಚೆಯ ಕಲ್ಲು ಬರೀ ಕಲ್ಲಾಗುತ್ತದೆ. ಭರಮಪ್ಪ ಕೆಲಸದಿಂದ ಬಂದಾಗ ಕೇಳುತ್ತಿದ್ದೆ, "ಇನ್ನೂ ಎಷ್ಟು ಕಂಬ ಬಾಕಿ ಐತಪ್ಪಾ?" ಅವನು ಬೆನ್ನು ತಟ್ಟಿ, "ಅವಸರ ಮಾಡಬ್ಯಾಡ್ರಿ ಕಾಕಾ, ಲಗೂನ ಮುಗಸ್ತೀವಿ," ಅನ್ನುತ್ತಿದ್ದ.

ಮುಂದಿನ ನವೆಂಬರಿನಲ್ಲಿ ನಮ್ಮ ಬೀದಿಯಲ್ಲಿ ರಾಜ್ಯೋತ್ಸವ. ದೀಪ ಹಚ್ಚುವ ಹೊತ್ತಿಗೆ ಆರ್ಕೆಸ್ಟ್ರಾ ಶುರುವಾಯಿತು. ಸೌಂಡು ನನ್ನದೇ. ಕೆಂಪು ಹಳದಿ ಬಲ್ಬುಗಳ ಕೆಳಗೆ ಹೆಂಗಸರ ಸಾಲಿನ ಮುಂದೆ, ಚಾಪೆ ಹಾಸಿ ದುರ್ಗವ್ವ ಕೂತಿದ್ದಳು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಹಿಟ್ಟಿಲ್ಲ. ನಾನು ಮಿಕ್ಸರಿನ ಗುಂಡಿ ನೋಡುವುದು ಬಿಟ್ಟು ಅವಳನ್ನೇ ನೋಡಿ, ಎರಡು ಸಲ ಬಾಕ್ಸನ್ನು ಕೂಯ್ ಅನ್ನಿಸಿದೆ.

ಹಾಡುವ ಹುಡುಗಿಯೊಬ್ಬಳು ಒಂದು ನಿಧಾನದ ಹಾಡನ್ನು ಹಾಡಿ ಮುಗಿಸಿದಳು. ಚಪ್ಪಾಳೆ ಬೀಳುವ ಮೊದಲೇ ದುರ್ಗವ್ವ ಕೂತಲ್ಲಿಂದ ಕೂಗಿಬಿಟ್ಟಳು.

"ವನ್ಸ್ ಮೋರ್!"

ನಮ್ಮೂರಲ್ಲಿ ಹಾಗೆ ಕೂಗುವ ಅಭ್ಯಾಸವೇ ಇಲ್ಲ. ಬೀದಿಗೆ ಬೀದಿಯೇ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಎಲ್ಲಿ ಅಡಗಲಿ ಅನ್ನುವ ಹಾಗೆ ಕುಗ್ಗಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಏನಾಯಿತೋ, ಮಿಕ್ಸರಿನ ಹಿಂದೆ ಎದ್ದು ನಿಂತೆ.

"ವನ್ಸ್ ಮೋರ್!"

ನನ್ನ ದನಿ ನನಗೇ ಹೊಸದು. ಪಡ್ಡೆ ಹುಡುಗರು ನನ್ನ ಕಡೆ ತಿರುಗಿ ನಕ್ಕರು. "ಸೊಣ್ಣಣ್ಣ, ಸಕ್ಕತ್! ವನ್ಸ್ ಮೋರ್ ಗುರು!" ಅಂತ ಅವರೂ ಶುರುಮಾಡಿದರು. ಹುಡುಗಿ ಮತ್ತೆ ಹಾಡಿದಳು. ಮೊದಲಿಗಿಂತ ಚೆನ್ನಾಗಿ ಹಾಡಿದಳು, ನಿಜ. ಆ ಹಾಡಿನುದ್ದಕ್ಕೂ ದುರ್ಗವ್ವ ಸ್ಟೇಜು ನೋಡಲಿಲ್ಲ. ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. ಸೆರಗಿನ ಮೇಲೆ ಬರೀ ಎರಡು ಕಣ್ಣು. ಅವು ನಗುತ್ತಿದ್ದವೋ ಒದ್ದೆಯಾಗಿದ್ದವೋ, ಬಲ್ಬಿನ ಬೆಳಕಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅಕ್ಕ ಅಂದಳು, "ಆ ಸಾಲು ಇದೆ ಅಂದೋರು ಯಾರು ಅಂತ ಈಗ ಗೊತ್ತಾಯ್ತು ಬಿಡು."

ಸಂಕ್ರಾಂತಿ ಬಂತು. ಸೇತುವೆ ಮುಗಿಯಿತು. ಸೋಮವಾರ ಬೆಳಗ್ಗೆ ಟೆಂಪೊ ಬರುತ್ತದೆ ಅಂತ ಭರಮಪ್ಪ ಹೇಳಿದ.

ಭಾನುವಾರ ನಾಲ್ಕಕ್ಕೆ ದುರ್ಗವ್ವ ಎಂದಿನಂತೆ ಬಂದು ಕೂತಳು. ನಾನು ಅದೇ ಪ್ಲೇಟು ಹಾಕಿದೆ. ಮುಳ್ಳು ಅದೇ ಜಾಗದಲ್ಲಿ ಹಾರಿತು. ನಾಲಿಗೆಯ ತುದಿಗೆ ಬಂದದ್ದನ್ನು ನಾನು ಒಳಗೆ ನೂಕುತ್ತಾ ಪ್ಲೇಟು ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಅವಳು ಕಾದಳು. ನೆರಳು ಕಲ್ಲು ದಾಟಿ ನಲ್ಲಿಯ ತನಕ ಹೋಯಿತು.

ಕೊನೆಗೆ ಎದ್ದಳು. "ಆ ಸಾಲು ನಿಮ್ಮ ಪ್ಲೇಟಿನಾಗ ಅಷ್ಟ ಇಲ್ಲ ಅನಕೊಂಡಿದ್ದೆ," ಅಂದಳು. "ನಿಮ್ಮ ಬಾಯಾಗೂ ಇಲ್ಲ ಬಿಡ್ರಿ."

ನಗುತ್ತಲೇ ಹೇಳಿದಳು. ಆದರೆ ತಿರುಗಿ ನೋಡದೆ ಹೋದಳು.

ಕತ್ತಲಾಗುವ ಮೊದಲು ಅಟ್ಟದಿಂದ ಅಪ್ಪನ ಹಿತ್ತಾಳೆ ಹಾರ್ನು ಇಳಿಸಿ, ಮಾಳಿಗೆ ಮೇಲೆ ಕಟ್ಟಿ, ವೈರು ಎಳೆದೆ. ಅಕ್ಕ ಕೆಳಗೆ ನಿಂತು ಕೇಳಿದಳು, "ಯಾರ್ ಮನೆ ಮದ್ವೆನೋ?" ನಾನು ಹಾರ್ನಿನ ಬಾಯಿಯನ್ನು ಬೀದಿಯ ಕಡೆ ತಿರುಗಿಸಿದೆ.

ಸೋಮವಾರ ಎಳೆಬಿಸಿಲು. ಟೆಂಪೊ ತುಂಬ ಪಾತ್ರೆ, ಹಾಸಿಗೆ, ಸಲಿಕೆ. ದುರ್ಗವ್ವ ಹಿಂದೆ, ರೊಟ್ಟಿ ಬುಟ್ಟಿಯ ಪಕ್ಕ ಕೂತಿದ್ದಳು. ಡ್ರೈವರ್ ಬೀಡಿ ಎಸೆದು ಹತ್ತಿದ. ನಾನು ಮುಳ್ಳು ಇಟ್ಟೆ.

ಬಹಳ ವರ್ಷದ ಮೇಲೆ ಆ ಹಾರ್ನು ಬೇಗೂರಿನ ಮೇಲೆ ಹಾಡಿತು. ನಲ್ಲಿಯ ಹತ್ತಿರ ಹೆಂಗಸರು ನಿಂತರು. ಕಂಗಳ ದೀಪವ ಹಚ್ಚಿ ನಾ ಕಾದೆ... ಹುಣ್ಣಿಮೆ ಬಂದಿತು ನೀ ಬರಲಿಲ್ಲ... ಎಲ್ಲರ ತುಟಿಯೂ ಹಾರಲು ಸಿದ್ಧವಾಗಿತ್ತು. ನಾನು ಹುಂಜದ ಗೀರಿಗೆ ಬರುವ ಮೊದಲೇ ಮುಳ್ಳು ಎತ್ತಿ, ಮೈಕು ಹಿಡಿದು ಹಾಡಿದೆ.

ಕರೆದರೆ ಬರುವವ... ಶ್ರುತಿ ತಪ್ಪಿತು, ಮೊದಲಿಂದ ಹಿಡಿದೆ. ಕರೆದರೆ ಬರುವವ ನೀನೆಂದು ಬಲ್ಲೆ, ಕರೆಯುವ ಧೈರ್ಯವೆ ನನಗಿರಲಿಲ್ಲ...

ಎಮ್ಮೆ ಕೆಮ್ಮಿದ ಹಾಗಿತ್ತು. ಊರ ಮೇಲೆಲ್ಲ ಕೇಳಿತು. ನನಗೆ ಮೈಕನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

ಟೆಂಪೊದ ಹಿಂದಿನಿಂದ ಒಂದು ದನಿ ಬಂತು.

"ವನ್ಸ್ ಮೋರ್!"

ಹಾಡಿದೆ. ಈ ಸಲ ಇಡೀ ಗ್ಯಾಂಗು ಪಾತ್ರೆ ಬಡಿದು ಕೂಗಿತು, ವನ್ಸ್ ಮೋರ್. ಮೂರನೇ ಸಲ ಹಾಡುವಾಗ ನಾನು ನಗುತ್ತಿದ್ದೆ.

ಅವಳು ಇಳಿದು ಬಂದು, ಮೊದಲ ಸಲ ಹೊಸ್ತಿಲು ದಾಟಿ ಒಳಗೆ ನಿಂತಳು.

"ಇಲ್ಲೇ ಇದ್ಬಿಡು ದುರ್ಗವ್ವ."

"ಪೆಟ್ಟಿಗ್ಯಾಗ ಇನ್ನೊಂದ ಪ್ಲೇಟ್ ಇಟ್ಟಂಗೇನು?" ಅಂದಳು. ಕಣ್ಣು ಕೆಳಗಾಗಲಿಲ್ಲ. "ನನ್ನ ಮನಿ ಐತಿ ಅಲ್ಲಿ, ಎರಡ ಎಮ್ಮಿ ಅದಾವ. ಇಷ್ಟ ದಿನ ನಿನ್ನ ಹೊಸ್ತಿಲದಾಗ ಕುಂತು ನಾ ಕೇಳೇನಿ. ಈಗ ನೀ ಬಾ."

ಅಷ್ಟು ದಿನ 'ರೀ' ಅಂದವಳು 'ನೀ' ಅಂದಿದ್ದಳು.

"ಇದು ಕರ್ದಂಗೇನಾ?"

"ಕರದಂಗ ಅಲ್ಲ, ಕರದೀನಿ. ಬರೋ ಶುಕ್ರವಾರ ನಮ್ಮೂರಾಗ ಈ ಹಾಡಿನ ನಾಟಕ ಐತಿ. ಮುಂದ ಚಾಪಿ ಹಾಸಿರತೇನಿ. ತಡಾ ಮಾಡಿದ್ರ ಮಂದಿ ಕುಂದರತಾರ ನೋಡು."

ಭರಮಪ್ಪ ಟೆಂಪೊದಿಂದ ಕೂಗಿದ, "ಅತ್ತೀ, ಇನ್ನ ಎಷ್ಟ ವನ್ಸ್ ಮೋರ್?"

ಅವಳು ಹೋಗುವಾಗ ನನ್ನ ತೋಳಿಗೆ ಒಂದು ಸಲ ಅಂಗೈ ತಾಗಿಸಿ ಹೋದಳು. ಅಂಗಿಯ ಮೇಲೆ ಹಿಟ್ಟಿನ ಗುರುತು ಉಳಿಯಿತು. ಅದನ್ನು ನಾನು ಕೊಡವಲಿಲ್ಲ.

ಅಂಗಡಿಯ ಬೀಗದ ಕೈ ಅಕ್ಕನಿಗೆ ಕೊಟ್ಟೆ. ಚೀಲದಲ್ಲಿ ಎರಡು ಪಂಚೆ, ಒಂದು ಸೇರು ಹಿಸುಕಿದ ಅವರೆಕಾಳು.

"ಆ ಪ್ಲೇಟು ತಗೊಂಡೋಗಲ್ವೇನೋ?"

"ಅಲ್ಲಿಗೆ ಬೇಕಾಗಲ್ಲ ಕಣಕ್ಕ."

"ಮತ್ತೆ ಯಾವಾಗ ಬರೋದು?"

"ಎಷ್ಟು ವನ್ಸ್ ಮೋರ್ ಅಂತಾರೋ, ನೋಡ್ಬೇಕು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಓಗು, ಓಗು, ಬಸ್ಸು ತಪ್ಪೋದೀತು," ಅಂದಳು. ಬೀದಿಯ ತುದಿ ತಲುಪಿದಾಗ ಹಿಂದೆ ಅವಳ ದನಿ ಕೇಳಿಸಿತು. ನೀರು ಹಿಡಿಯುತ್ತಾ ಆ ಹಾಡು ಹಾಡುತ್ತಿದ್ದಳು. ಹುಂಜದ ಜಾಗ ಬಂತು. ಅಕ್ಕ ಹಾರಲಿಲ್ಲ.

ದುರ್ಗವ್ವ ಬೇಗೂರು ಬಿಟ್ಟದ್ದು ಸೋಮವಾರ. ನಾನು ಬಿಟ್ಟದ್ದು ಗುರುವಾರ.