ಹೊರಡುವ ದಿನ ಯಾರಿಗೂ ಹೇಳಬಾರದು

"ಆ ಫೋಟೊ ಈಗ್ಲೇ ತೆಗೀರಿ."

ಹೊಲಿಗೆಯಂಗಡಿಯ ಬಾಗಿಲಲ್ಲಿ ನಿಂತಿದ್ದವಳು ಸೇನೆಯ ಲಾರಿ ಓಡಿಸುವ ಹುಡುಗಿ. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಮಿಷನ್ ತುಳಿಯುತ್ತಿದ್ದ ಟೇಲರ್ ಕಣ್ಣು ಪಿಳಿಪಿಳಿ ಬಿಟ್ಟ. ಸೇನೆಗೆಂದು ಹೊಲಿದು ಮುಗಿಸಿದ ಕೋಟುಗಳ ಫೋಟೊ ಚೆಂದಕ್ಕೆ ತೆಗೆದು, ಬೆಳಿಗ್ಗೆ ಅಂಗಡಿಯ ಪೇಜಿನಲ್ಲಿ ಹಾಕಿದ್ದ. ಅದರಲ್ಲೇನು ತಪ್ಪು?

"ತೋಳಿನ ಮೇಲೆ ನಮ್ಮ ಪಡೆಯ ಗುರುತು ಎದ್ದು ಕಾಣ್ತಿದೆ. ಈ ಸುಡು ಬಿಸಿಲಲ್ಲಿ ಉಣ್ಣೆ ಕೋಟು ಚಳಿಯ ಗಡಿಗೆ ಹೋಗೋರಿಗಲ್ಲದೆ ಇನ್ಯಾರಿಗೆ ಬೇಕು? ಯಾವ ಪಡೆ, ಯಾವ ಕಡೆ ಹೊರಟಿದೆ ಅಂತ ನೀವೇ ಡಂಗುರ ಹೊಡೆದ ಹಾಗಾಯ್ತು."

ಅವನು ವಾದಿಸಲಿಲ್ಲ. ಅವಳೆದುರೇ ಫೋಟೊ ಅಳಿಸಿ, ಇಷ್ಟೆಲ್ಲ ತಲೆಗೆ ಹೊಳೆಯಲಿಲ್ಲ, ತಪ್ಪಾಯಿತು ಎಂದ.

ಆ ಮಾತಿಗೆ ಅವಳ ಸಿಟ್ಟು ಎಲ್ಲಿ ಹೋಯಿತೋ...

ಮರುದಿನ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ಆಮೇಲೆ ಗುಂಡಿ ಸಡಿಲ ಎಂದು ಬಂದಳು. ಮತ್ತೊಮ್ಮೆ ಯಾವ ನೆಪವೂ ಇಲ್ಲದೆ ಬಂದಾಗ ಅವನು ನಗುತ್ತಾ ಸ್ಟೂಲು ಎಳೆದುಕೊಟ್ಟ. ಹೊಸ ಕೋಟು ತೊಟ್ಟು ಲಾರಿಯ ಪಕ್ಕ ನಿಂತ ಅವಳ ಫೋಟೊ ತೆಗೆದು, ಅವಳೊಬ್ಬಳಿಗೇ ಕಳಿಸಿದ.

ಪಡೆ ಹೊರಡುವ ಹಿಂದಿನ ದಿನ ಅದೇ ಫೋಟೊ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಲಾರಿಯ ನಂಬರ್ ಸಮೇತ! ಕೆಳಗೆ, 'ನಾಳೆ ಗಡಿಗೆ ಹೊರಡುವ ಹೆಣ್ಣುಹುಲಿ' ಎಂಬ ಸಾಲು. ಪ್ರಯಾಣ ರದ್ದಾಯಿತು. ಅವಳನ್ನು ಲಾರಿಯಿಂದ ಇಳಿಸಿ ವಿಚಾರಣೆಗೆ ಕೂರಿಸಿದರು.

ಫೋಟೊ ತೆಗೆದವನು ಆ ಟೇಲರ್. ಇನ್ಯಾರು ಹಾಕುತ್ತಾರೆ? ನಂಬಿದ್ದೇ ತಪ್ಪಾಯಿತಲ್ಲ...

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಅವನಿಗೆ ಒಂದು ಮಾತಾಡಲೂ ಬಿಡದೆ ನಂಬರ್ ಬ್ಲಾಕ್ ಮಾಡಿದಳು.

ವಿಚಾರಣೆಯಲ್ಲಿ ನಿಜ ಹೊರಬಂತು. ಮೊದಲು ಹಾಕಿದ್ದು ಅವಳ ಸ್ವಂತ ಅಣ್ಣ. ಅಣ್ಣನಿಗೆ ಫೋಟೊ ಕಳಿಸಿ, ಹೊರಡುವ ದಿನವನ್ನೂ ಬಾಯಿಬಿಟ್ಟಿದ್ದು ಅವಳೇ! ಅದನ್ನು ಅಧಿಕಾರಿಯ ಮುಂದೆ ಒಪ್ಪಿಕೊಂಡು, ನೇರ ಅಣ್ಣನ ಮನೆಗೆ ಹೋದಳು.

ಅಣ್ಣ ಸೋಫಾದಲ್ಲಿ ಕೂತು ಅತ್ತಿಗೆಗೆ ಕಮೆಂಟುಗಳನ್ನು ಓದಿ ಹೇಳುತ್ತಿದ್ದ. ಅಳಿಸು ಎಂದರೆ ಮುಖ ಊದಿಸಿಕೊಂಡ. ತಂಗಿಯ ಬಗ್ಗೆ ಹೆಮ್ಮೆಪಡುವುದೂ ತಪ್ಪೇ ಎಂದು ರೇಗಿದ.

"ನಾನೇನು ಶತ್ರುನಾ?" ಎಂದ.

"ನೀನು ಶತ್ರು ಅಲ್ಲ, ಅದಕ್ಕೇ ನಂಬಿ ಹೇಳ್ದೆ," ಎಂದಳು ಅವಳು. "ನನ್ನ ಲಾರೀಲಿ ಕೂರೋರಿಗೂ ಅಣ್ಣಂದಿರಿದ್ದಾರೆ. ಅವರಿಗೂ ಹೆಮ್ಮೆ ಇದೆ. ನಿನ್ನ ನಾಲ್ಕು ಲೈಕಿಗೆ ಅವರ ತಮ್ಮಂದಿರು ಯಾಕೆ ಸಾಯ್ಬೇಕು?"

ಅತ್ತಿಗೆ ಅಣ್ಣನ ಕೈಯಿಂದ ಫೋನ್ ಕಿತ್ತುಕೊಂಡು ತಾನೇ ಅಳಿಸಿದಳು. ಆದರೆ ಊರೆಲ್ಲ ಹಂಚಿಹೋಗಿದ್ದನ್ನು ಬಾಚಿ ತರುವವರು ಯಾರು?

ಕೆಲವು ವಾರಗಳ ನಂತರ, ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟು ಅವಳಿಗೆ ಮತ್ತೆ ಲಾರಿ ಓಡಿಸುವ ಕೆಲಸ ಕೊಟ್ಟರು. ಅಂದೇ ಹೊಲಿಗೆಯಂಗಡಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದಳು. ಅವನು ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಬೈದಿದ್ದಕ್ಕೆ ಬೇಜಾರಿಲ್ಲ. ನೀವಾ ಮಾಡಿದ್ದು ಅಂತ ಒಂದು ಮಾತು ಕೇಳ್ಲಿಲ್ವಲ್ಲ... ಅದು ನೋವಾಯ್ತು."

ಅವಳ ಕಣ್ಣು ತುಂಬಿತು. "ಇವತ್ತು ಕೇಳೋಕೇ ಬಂದಿದೀನಿ. ನನ್ನ ಮದುವೆ ಆಗ್ತೀರಾ?"

ಅವನ ಕೈಯಿಂದ ಕತ್ತರಿ ಜಾರಿತು. ಮೇಜು ದಾಟಿ ಅವಳ ಹತ್ತಿರ ಬಂದ.

"ಯಾವಾಗ ಹೊರಡ್ತೀರಿ?"

"ಹೇಳಲ್ಲ."

"ವಾಪಸ್ ಯಾವಾಗ?"

"ಅದನ್ನೂ ಹೇಳಲ್ಲ."

"ಸರಿ," ಎಂದ ಅವನು, ಅವಳ ಕೆನ್ನೆಯ ನೀರೊರೆಸುತ್ತಾ. "ಬಂದ ದಿನಾನೇ ಮದುವೆ."